ಸಭೆ ಮುಗಿಯಿತು ಅನ್ನೋಕೆ ನೀವ್ಯಾರು ಸ್ವಾಮಿ?

ಸೆಪ್ಟೆಂಬರ್ ಬಂತೆಂದರೆ ಮುಂಬೈ, ಠಾಣೆ, ಡೊಂಬಿವಲಿ ಕಡೆಯ ಕಟ್ಟಡಗಳ ನೋಟೀಸು ಬೋರ್ಡಿನಲ್ಲಿ ಗಣಪತಿ ಚಂದಾ ಪಟ್ಟಿಯ ಪಕ್ಕ ಇನ್ನೊಂದು ಹಾಳೆ ಅಂಟಿಕೊಳ್ಳುತ್ತದೆ. ಸೊಸೈಟಿಯ ವಾರ್ಷಿಕ ಮಹಾಸಭೆ, ಆಡುಮಾತಲ್ಲಿ ಎಜಿಎಂ. ಮಾರ್ಚಿಗೆ ಲೆಕ್ಕ ಮುಗಿದ ಮೇಲೆ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ 30ರೊಳಗೆ ಇದನ್ನು ನಡೆಸಲೇಬೇಕು ಅನ್ನುತ್ತದೆ ಮಹಾರಾಷ್ಟ್ರದ ಸಹಕಾರಿ ಕಾಯ್ದೆ. ಅಜೆಂಡಾದ ಕೊನೆಯ ಸಾಲು ಯಾವ ಕಟ್ಟಡಕ್ಕೆ ಹೋದರೂ ಒಂದೇ: "ಅಧ್ಯಕ್ಷಾಂಚ್ಯಾ ಪರವಾನಗೀನೇ ಯೇಣಾರೇ ಆಯತ್ಯಾ ವೇಳ್‌ಚೇ ವಿಷಯ". ಅಧ್ಯಕ್ಷರ ಅಪ್ಪಣೆ ಮೇರೆಗೆ ಆ ಹೊತ್ತಿಗೆ ಬರುವ ವಿಷಯಗಳು ಅಂತ ಅರ್ಥ. ವರ್ಷಾ ವರ್ಷಾ ಈ ಸಾಲು ಓದಿ ಓದಿ ನಮ್ಮ ಅಧ್ಯಕ್ಷರುಗಳಿಗೆ ಒಂದು ಭ್ರಮೆ ಹತ್ತಿಬಿಟ್ಟಿದೆ. ಕೊನೆಯ ವಿಷಯ ಮಾತ್ರ ಅಲ್ಲ, ಇಡೀ ಸಭೆಯೇ ತಮ್ಮ ಅಪ್ಪಣೆಯ ಮೇಲೆ ನಡೀತಿದೆ, ತಾವು ಎದ್ದರೆ ಸಭೆ ಎದ್ದ ಹಾಗೆ ಅಂತ!

ನಾನು 1993ರಲ್ಲಿ ಬ್ಯಾಂಕಿನ ಪೋಸ್ಟಿಂಗ್ ಮೇಲೆ ಈ ಊರಿಗೆ ಬಂದವನು. ವಕೀಲ ಅಲ್ಲ, ಓದಿದ್ದು ಬಿಕಾಂ. ಆದರೆ ಮೂವತ್ತು ವರ್ಷಗಳಲ್ಲಿ ಸೊಸೈಟಿ, ಕ್ರೆಡಿಟ್ ಸೊಸೈಟಿ, ಅಧಿಕಾರಿಗಳ ಸಂಘ, ಕನ್ನಡ ಸಂಘ ಅಂತ ಕೂತ ಸಭೆಗಳಿಗೆ ಲೆಕ್ಕ ಇಲ್ಲ. ಅಷ್ಟನ್ನೂ ನೋಡಿ ಹೇಳ್ತೀನಿ, ಸಭೆಯಲ್ಲಿ ಮೋಸ ಆಗುವುದು ಶುರುವಿನಲ್ಲಿ ಅಲ್ಲ, ಮಧ್ಯದಲ್ಲೂ ಅಲ್ಲ. ಕೊನೆಯ ಎರಡು ನಿಮಿಷದಲ್ಲಿ. ಕೋರಂ ಇದೆಯಾ ಅಂತ ಎಲ್ಲರೂ ಕೇಳ್ತಾರೆ, ನೋಟೀಸು 14 ದಿನ ಮೊದಲೇ ಬಂತಾ ಅಂತ ಜಗಳ ಕಾಯ್ತಾರೆ. "ಸಭೆಯನ್ನು ಯಾರು ಮುಗಿಸಿದ್ದು, ಹೇಗೆ ಮುಗಿಸಿದ್ದು" ಅಂತ ಮಾತ್ರ ಯಾರೂ ಕೇಳಲ್ಲ.

ಮುಗಿಸುವ ಉಪಾಯಗಳು ಬೇಕಾದಷ್ಟಿವೆ. ಒಂದು, "ಹಾಲ್ 12.30ರ ತನಕ ಮಾತ್ರ ಸಿಕ್ಕಿದೆ". ಇನ್ನೊಂದು, ಹಿಂದಿನ ಬಾಗಿಲಿಂದ ಸಮೋಸಾ ವಾಸನೆ. ಸರಿಯಾಗಿ ಲೆಕ್ಕಪತ್ರದ ವಿಷಯಕ್ಕೆ ಬರುವಾಗಲೇ ಪೇಪರ್ ಪ್ಲೇಟುಗಳ ಸದ್ದು ಶುರುವಾಗುತ್ತದೆ, ಗಮನಿಸಿದ್ದೀರಾ? ಮೂರನೆಯದು ವಂದನಾರ್ಪಣೆ. ಯಾರಾದರೂ ಉಪಕಾರ ಸ್ಮರಣೆ ಮಾಡುತ್ತಿರುವಾಗ ಮಧ್ಯೆ ಬಾಯಿ ಹಾಕಿದರೆ ನೀವೇ ಅಸಭ್ಯರು. ಇವೆಲ್ಲಕ್ಕಿಂತ ಭದ್ರವಾದ ಬೀಗ ಇನ್ನೊಂದಿದೆ. ಅದನ್ನು ಕಂಡಿದ್ದು ನಮ್ಮ ಕಟ್ಟಡದಲ್ಲೇ, 2024ರ ಸೆಪ್ಟೆಂಬರ್ ಸಭೆಯಲ್ಲಿ.

ಸಿ ವಿಂಗಿನಲ್ಲಿ ಒಬ್ಬರು ಕಾಕೂ ಇದ್ದಾರೆ. ಒಂಟಿ ಜೀವ, ಪೆನ್ಷನ್ ಮೇಲೆ ಬದುಕು. ಮೇಲಿನ ಮಹಡಿಯ ಸ್ಲ್ಯಾಬಿನಿಂದ ಮೂರು ಮಳೆಗಾಲ ನೀರು ಸೋರಿ ಅವರ ಅಡುಗೆಮನೆಯ ಸೂರಿನ ಗಾರೆ ಉದುರುತ್ತಿದೆ. ಆವತ್ತು ಅವರು ಬ್ಯಾಲೆನ್ಸ್ ಶೀಟ್ ಹಿಡಿದುಕೊಂಡು ಎದ್ದು ನಿಂತರು. ಕೇಳಿದ್ದು ಒಂದೇ ಪ್ರಶ್ನೆ: "ಸಾಹೇಬ್, ಹೋದ ವರ್ಷ ಸಿಂಕಿಂಗ್ ಫಂಡಿನ ಎಫ್‌ಡಿ 18 ಲಕ್ಷ ಇತ್ತು. ಈ ವರ್ಷ 11 ಅಂತ ಇದೆ. ಉಳಿದ 7 ಲಕ್ಷ ಎಲ್ಲಿ ಹೋಯಿತು? ನನ್ನ ಸ್ಲ್ಯಾಬಿಗೆ ದುಡ್ಡಿಲ್ಲ ಅಂದಿರಲ್ಲ?"

ಪ್ರಶ್ನೆ ಅಂದರೆ ಇದು ಪ್ರಶ್ನೆ ಸ್ವಾಮಿ. ಸಿಂಕಿಂಗ್ ಫಂಡ್ ಅಂದರೆ ಕಟ್ಟಡದ ಆಪದ್ಧನ. ಪ್ರತಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಕಾಲು ಪರ್ಸೆಂಟ್ ಅಂತ ನಾವೆಲ್ಲ ತಿಂಗಳು ತಿಂಗಳು ಕಟ್ಟುವ ಹಣ. ಸರ್ವಸದಸ್ಯರ ಸಭೆಯ ಠರಾವು ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ. ಅವಧಿಗೆ ಮುಂಚೆ ಮುರಿದ ಎಫ್‌ಡಿ ಅಂದರೆ ಬಡ್ಡಿಯಲ್ಲೂ ಕಡಿತ. ಇದನ್ನು ನಾನು ಕೌಂಟರಿನಲ್ಲಿ ಕೂತು ಸಾವಿರ ಸಲ ಜನಕ್ಕೆ ವಿವರಿಸಿದ್ದೇನೆ. ಏಳು ಲಕ್ಷ ಕಳ್ಳತನ ಆಯಿತು ಅಂತ ನಾನು ಹೇಳುತ್ತಿಲ್ಲ, ಲಿಫ್ಟಿಗೋ ಪಂಪಿಗೋ ಖರ್ಚಾಗಿರಬಹುದು. ಉತ್ತರ ಎರಡು ವಾಕ್ಯದ್ದು. ಅದನ್ನು ಹೇಳಿದ್ದರೆ ಮುಗಿದುಹೋಗುತ್ತಿತ್ತು.

ಅಧ್ಯಕ್ಷರು ಗಡಿಯಾರ ನೋಡಿದರು. "ವೇಳ ಸಂಪಲೀ. ಪುಢಚ್ಯಾ ವೇಳೀ ಬಘೂ" ಅಂದರು. ಸಮಯ ಆಯಿತು, ಮುಂದಿನ ಸಲ ನೋಡೋಣ. "ರಾಷ್ಟ್ರಗೀತೆ!" ಅಂದವರೇ ಎದ್ದು ನಿಂತರು. ಯಾರೋ ಮೊಬೈಲ್ ಒತ್ತಿದರು. ಜನಗಣಮನ ಶುರು.

ಈಗ ಏನು ಮಾಡ್ತೀರಿ? ರಾಷ್ಟ್ರಗೀತೆಗೆ ಎದ್ದು ನಿಲ್ಲದೆ ಇರ್ತೀರಾ? ಮಧ್ಯೆ ಮಾತಾಡ್ತೀರಾ? ರಾಷ್ಟ್ರಗೀತೆ ಹಾಡುವವರಿಗೆ ಬೇಕಂತಲೇ ಅಡ್ಡಿ ಮಾಡಿದರೆ 1971ರ ಕಾಯ್ದೆ ಪ್ರಕಾರ ಅಪರಾಧ. ಕಾಕೂ ಸೇರಿದಂತೆ ಎಲ್ಲರೂ ನೆಟ್ಟಗೆ ನಿಂತೆವು. ಪೂರ್ತಿ ಹಾಡಿದರೆ ಸುಮಾರು 52 ಸೆಕೆಂಡ್. ಅಷ್ಟು ಹೊತ್ತಿನಲ್ಲಿ 7 ಲಕ್ಷದ ಪ್ರಶ್ನೆ ಸತ್ತುಹೋಯಿತು. ಹಾಡು ಮುಗಿದ ಕೂಡಲೇ ಕುರ್ಚಿ ಮಡಚುವ ಸದ್ದು. ಸಮೋಸಾ ಹತ್ತಿರ ನಾನು ಅಧ್ಯಕ್ಷರನ್ನು ಹಿಡಿದು ಕೇಳಿದೆ, ಸಭೆ ಮುಗಿಸಲು ಯಾರ ಒಪ್ಪಿಗೆ ತೆಗೆದುಕೊಂಡಿರಿ ಅಂತ. "ಅರೇ ಬ್ಯಾಂಕ್‌ವಾಲೇ, ಅಧ್ಯಕ್ಷ ನಾನು. ಒಪ್ಪಿಗೆ ಯಾರದ್ದು ಬೇಕು?" ಅಂತ ನಕ್ಕರು. ಒಂದೂವರೆ ತಿಂಗಳಿಗೆ ಕರಡು ನಡಾವಳಿ ಬಂತು. "ಲೆಕ್ಕಪತ್ರಗಳನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು."

ಸರ್ವಾನುಮತ! ನನಗೆ ಸಿಟ್ಟು ಬಂದಿದ್ದು ಆ ಒಂದು ಪದಕ್ಕೆ.

"ಒಪ್ಪಿಗೆ ಯಾರದ್ದು ಬೇಕು" ಅನ್ನುವ ಪ್ರಶ್ನೆಗೆ ಉತ್ತರ ನಮ್ಮ ಸೊಸೈಟಿಯ ಬೀರುವಿನಲ್ಲೇ ಇದೆ. ಮಾದರಿ ಉಪವಿಧಿಗಳ ಪುಸ್ತಕ. ಅಜೆಂಡಾದ ವಿಷಯಗಳು ಆ ದಿನ ಮುಗಿಯದಿದ್ದರೆ ಸಭೆಯನ್ನು 30 ದಿನ ಮೀರದಂತೆ ಇನ್ನೊಂದು ದಿನಕ್ಕೆ ಮುಂದೂಡಬೇಕು, ಆ ದಿನವನ್ನು ನಿರ್ಧರಿಸುವವರು ಹಾಜರಿರುವ ಸದಸ್ಯರು. ಅಧ್ಯಕ್ಷರು ಅಂತ ಇಲ್ಲ, ಹಾಜರಿರುವ ಸದಸ್ಯರು. "ಮುಂದಿನ ಸಲ ನೋಡೋಣ" ಅಂದರೆ ಮುಂದಿನ ಸೆಪ್ಟೆಂಬರ್ ಅಲ್ಲ, ಮೂವತ್ತು ದಿನದೊಳಗೆ. ಅಧ್ಯಕ್ಷರು ಬರದಿದ್ದರೆ, ಇಲ್ಲವೇ ಬಂದೂ ಅಧ್ಯಕ್ಷತೆ ವಹಿಸಲು ಒಪ್ಪದಿದ್ದರೆ, ಸದಸ್ಯರು ತಮ್ಮಲ್ಲೇ ಒಬ್ಬರನ್ನು ಆರಿಸಿಕೊಂಡು ಸಭೆ ನಡೆಸಬಹುದು ಅಂತಲೂ ಅದೇ ಪುಸ್ತಕದಲ್ಲಿದೆ. ನಮ್ಮ ಕಟ್ಟಡದಲ್ಲಿ ಎಷ್ಟು ಜನ ಅದನ್ನು ತೆರೆದು ನೋಡಿದ್ದಾರೋ ದೇವರೇ ಬಲ್ಲ.

ಕಂಪನಿಗಳಿಗೂ ಇದೇ ನೀತಿ. 2013ರ ಕಂಪನಿ ಕಾಯ್ದೆಯ ಟೇಬಲ್ ಎಫ್ ನೋಡಿ. ಕೋರಂ ಇರುವ ಸಭೆಯನ್ನು ಅಧ್ಯಕ್ಷರು ಸಭೆಯ ಒಪ್ಪಿಗೆ ಪಡೆದು ಮುಂದೂಡಬಹುದು. ಸಭೆಯೇ ಮುಂದೂಡಿ ಅಂದರೆ ಮುಂದೂಡಲೇಬೇಕು. ಮೊದಲನೆಯದಕ್ಕೆ "ಮೇ", ಎರಡನೆಯದಕ್ಕೆ "ಶಲ್". ಮುಂದೂಡಿದ ಸಭೆಯಲ್ಲಿ ಹೊಸ ವಿಷಯ ತುರುಕುವ ಹಾಗೂ ಇಲ್ಲ, ಉಳಿದುಹೋದ ಕೆಲಸ ಮಾತ್ರ. ಎಷ್ಟು ಚೊಕ್ಕವಾಗಿದೆ ನೋಡಿ!

ಇದು ಇವತ್ತಿನ ಜ್ಞಾನವೂ ಅಲ್ಲ. 1894ರಲ್ಲಿ ಇಂಗ್ಲೆಂಡಿನಲ್ಲಿ ನ್ಯಾಷನಲ್ ಡ್ವೆಲಿಂಗ್ಸ್ ಸೊಸೈಟಿ ಅಂತ ಒಂದು ಕಂಪನಿ. ಅದರ ಸಭೆಯಲ್ಲಿ ವರದಿ ಮತ್ತು ಲೆಕ್ಕಪತ್ರ ಅಂಗೀಕರಿಸುವ ಠರಾವು ಬಿದ್ದುಹೋಯಿತು. ಅಧ್ಯಕ್ಷರಿಗೆ ಅವಮಾನ ಆಗಿರಬೇಕು, ಸಭೆ ವಿಸರ್ಜನೆ ಆಯಿತು ಅಂತ ಹೇಳಿ ಎದ್ದು ಹೋದರು. ಉಳಿದವರು ಏನು ಮಾಡಿದರು ಗೊತ್ತೇ? ಕೂತಲ್ಲೇ ಕೂತು, ಇನ್ನೊಬ್ಬ ಅಧ್ಯಕ್ಷನನ್ನು ಆರಿಸಿಕೊಂಡು ಕೆಲಸ ಮುಂದುವರಿಸಿದರು. ಕೇಸು ನ್ಯಾಯಮೂರ್ತಿ ಚಿಟ್ಟಿ ಅವರ ಮುಂದೆ ಹೋಯಿತು. ತನಗೆ ಬೇಕೆನಿಸಿದಾಗ ಸಭೆ ನಿಲ್ಲಿಸುವ ಅಧಿಕಾರ ಅಧ್ಯಕ್ಷನಿಗೆ ಇಲ್ಲ, ಹಾಗೆ ಮಾಡಿದರೆ ಸಭೆ ಬೇರೆಯವರನ್ನು ಕೂರಿಸಿಕೊಂಡು ಮುಂದುವರಿಯಬಹುದು ಅಂದರು ಅವರು. ಸಭಾ ನಡವಳಿಕೆಯ ವಿಷಯ ಬಂದಾಗ ಸೈಕ್ಸ್ ಕೇಸ್ ಅಂತ ಇವತ್ತಿಗೂ ಅದನ್ನು ಉದಾಹರಿಸುತ್ತಾರೆ.

ಅಧ್ಯಕ್ಷನ ಮನಸ್ಸು ಒಳ್ಳೆಯದಿದ್ದರೂ ಸಾಲದು ಅನ್ನುವುದಕ್ಕೆ ಇನ್ನೊಂದು ಕೇಸಿದೆ. 1988ರ ಅಕ್ಟೋಬರಿನಲ್ಲಿ ಲಂಡನ್ ಲೈಫ್ ಎಂಬ ವಿಮಾ ಸಂಸ್ಥೆ ಬಾರ್ಬಿಕನ್ ಕಟ್ಟಡದ ಸಿನಿಮಾ ಹಾಲಿನಲ್ಲಿ ಸಭೆ ಕರೆದಿತ್ತು. ಜನ ತುಂಬಿ ಹೊರಗೆ ಚೆಲ್ಲಿದರು, ಬೇರೆ ಕೋಣೆಗಳಿಗೆ ಹಾಕಿದ್ದ ಧ್ವನಿ ಸಂಪರ್ಕ ಕೈಕೊಟ್ಟಿತು. ಅಧ್ಯಕ್ಷರು ಅದೇ ದಿನ ಮಧ್ಯಾಹ್ನಕ್ಕೆ ಬೇರೆ ಜಾಗಕ್ಕೆ ಸಭೆಯನ್ನು ಮುಂದೂಡಿದರು. ಪಾಪ, ಅವರ ಉದ್ದೇಶ ಕೆಟ್ಟದ್ದಲ್ಲ. ಸದಸ್ಯರ ಒಪ್ಪಿಗೆ ಕೇಳಲಾಗದಂಥ ಗೊಂದಲದಲ್ಲಿ ಮುಂದೂಡುವ ಅಧಿಕಾರವೂ ಅವರಿಗಿತ್ತು ಅಂತ ಮೇಲಿನ ಕೋರ್ಟು ಒಪ್ಪಿತು. ಆದರೂ ಆ ಮುಂದೂಡಿಕೆ ಸಿಂಧು ಅಲ್ಲ ಅಂದಿತು. ಮಧ್ಯಾಹ್ನ ಬರಲಾಗದವರ ಮಾತು, ಮತ ಎರಡೂ ಹೋಗುತ್ತವಲ್ಲ, ಅದನ್ನು ಅವರು ಯೋಚಿಸಲಿಲ್ಲ ಅನ್ನುವುದು ಕಾರಣ. ಅಷ್ಟು ಸೂಕ್ಷ್ಮ ವಿಷಯ ಇದು. ನಮ್ಮಲ್ಲಿ ಸಮೋಸಾ ತಣ್ಣಗಾಗುತ್ತದೆ ಅಂತ ಸಭೆ ಮುಗಿಸ್ತಾರೆ!

ನಮ್ಮವರಿಗೆ ಈ ಭ್ರಮೆ ಹತ್ತಿದ್ದಕ್ಕೆ ಟೀವಿಯೂ ಒಂದು ಕಾರಣ ಅಂತ ನನ್ನ ಅನುಮಾನ. ಲೋಕಸಭೆಯಲ್ಲಿ ಗದ್ದಲ, ಸ್ಪೀಕರ್ ಎದ್ದು ಎರಡು ಮಾತು, ಕಲಾಪ ಮುಂದೂಡಿಕೆ. ದಿನಾ ನೋಡಿದರೆ ಯಾರಿಗೇ ಆಗಲಿ, ಅಧ್ಯಕ್ಷ ಅಂದರೆ ಹೀಗೇ ಅಂತ ಅನ್ನಿಸುತ್ತದೆ. ಆದರೆ ಸ್ಪೀಕರಿಗೆ ಆ ಅಧಿಕಾರ ಕುರ್ಚಿಯಿಂದ ಬಂದದ್ದಲ್ಲ, ಬರೆದ ನಿಯಮದಿಂದ ಬಂದದ್ದು. ಸದನದ ಬೈಠಕ್ಕನ್ನು ಯಾವಾಗ, ಎಲ್ಲಿಯವರೆಗೆ ಮುಂದೂಡಬೇಕು ಅಂತ ಸ್ಪೀಕರ್ ನಿರ್ಧರಿಸುತ್ತಾರೆ ಅಂತ ಲೋಕಸಭೆಯ 15ನೇ ನಿಯಮ ಹೇಳುತ್ತದೆ. ತೀವ್ರ ಗದ್ದಲಕ್ಕೆ 375ನೇ ನಿಯಮ ಬೇರೆ ಇದೆ. ಆ ನಿಯಮಗಳನ್ನು ಮಾಡಿಕೊಂಡದ್ದು ಸದನವೇ. ನಮ್ಮ ಸೊಸೈಟಿಯ ಅಧ್ಯಕ್ಷರಿಗೆ ಅಂಥದ್ದನ್ನು ಯಾವ ಸಭೆ ಬರೆದುಕೊಟ್ಟಿದೆ?

ಬರೆದುಕೊಟ್ಟಲ್ಲೂ ಜನ ಸುಮ್ಮನೆ ಏಳುವುದಿಲ್ಲ. 2019ರ ಜುಲೈ 18ರಂದು ನಮ್ಮ ವಿಧಾನಸಭೆಯಲ್ಲಿ ಕುಮಾರಸ್ವಾಮಿಯವರ ವಿಶ್ವಾಸಮತ. ಮತಕ್ಕೆ ಹಾಕದೆ ಸದನವನ್ನು ಮರುದಿನಕ್ಕೆ ಮುಂದೂಡಿದರು. ಯಡಿಯೂರಪ್ಪನವರೂ ಅವರ ಪಕ್ಷದ ಶಾಸಕರೂ ರಾತ್ರಿ ವಿಧಾನಸೌಧದಲ್ಲೇ ದಿಂಬು ಹಾಕಿ ಮಲಗಿದರು. ಕೊನೆಗೆ ಮತ ಬಿದ್ದದ್ದು 23ಕ್ಕೆ, 99ಕ್ಕೆ 105. ಯಾವ ಪಕ್ಷ ಸರಿ ಅನ್ನುವ ಚರ್ಚೆಗೆ ನಾನು ಹೋಗೋಲ್ಲ, ಅದಕ್ಕೆ ಬೇರೆಯವರಿದ್ದಾರೆ. ಸಭೆ ಯಾವಾಗ ಏಳುತ್ತದೆ ಅನ್ನುವುದರ ಮೇಲೆ ಒಂದು ಸರಕಾರದ ಆಯುಷ್ಯವೇ ಐದು ದಿನ ಹೆಚ್ಚಾಯಿತಲ್ಲ, ಅಷ್ಟೇ ನನ್ನ ಮಾತು.

"ಹಾಗಾದರೆ ಸಭೆ ಎಂದೂ ಮುಗಿಯಲ್ಲ ಕಣ್ರೀ, ಪಾರ್ಕಿಂಗ್ ವಿಷಯಕ್ಕೇ ಎರಡು ಗಂಟೆ ಕೊರೆಯೋರು ಇದ್ದಾರೆ" ಅಂತ ಒಬ್ಬ ಗೆಳೆಯರು ಹೇಳಿದರು. ಇದ್ದಾರೆ, ಒಪ್ಪಿದೆ. ಪ್ರತಿ ಕಟ್ಟಡಕ್ಕೂ ಅಂಥ ಒಬ್ಬರನ್ನು ದೇವರು ಕೊಟ್ಟಿರುತ್ತಾನೆ :-) ಅದಕ್ಕೇ ಅಲ್ಲವೇ ಅಧ್ಯಕ್ಷರು ಇರುವುದು? ಒಬ್ಬರಿಗೆ ಮೂರು ನಿಮಿಷ ಅಂತ ಕಟ್ಟಿಹಾಕಿ. ವಿಷಯ ಬಿಟ್ಟು ಮಾತಾಡಿದರೆ ಕೂರಿಸಿ. ಚರ್ಚೆ ಸಾಕು, ಮತಕ್ಕೆ ಹಾಕೋಣವೇ ಅಂತ ಸಭೆಯನ್ನೇ ಕೇಳಿ. ಸಭೆಯ ಒಳಗೆ ನಿಮಗೆ ರಾಜನಷ್ಟು ಅಧಿಕಾರ ಇದೆ, ಯಾರು ಬೇಡ ಅಂದರು? ಅಮೆರಿಕಾದ ಸೈನ್ಯದ ಎಂಜಿನಿಯರ್ ಹೆನ್ರಿ ರಾಬರ್ಟ್ 1876ರಲ್ಲಿ ಸಭಾ ನಿಯಮಗಳ ಪುಸ್ತಕ ಬರೆದ. ಸಾಮಾನ್ಯವಾಗಿ ಸಭೆ ಮುಗಿಸುವ ಠರಾವಿನ ಮೇಲೆ ಚರ್ಚೆಯೇ ಬೇಡ, ಕೈ ಎತ್ತಿಸಿ ಬಹುಮತ ನೋಡಿದರೆ ಸಾಕು ಅನ್ನುತ್ತದೆ ಅದು. ಅರ್ಧ ನಿಮಿಷದ ಕೆಲಸ. ರಾಷ್ಟ್ರಗೀತೆಗಿಂತ ಬೇಗ ಮುಗಿಯುತ್ತದೆ.

ಹೊಡೆದಾಟ ಆದರೆ? ಆಗ ಅಧ್ಯಕ್ಷರು ಎಬ್ಬಿಸಬಹುದು, ಎಬ್ಬಿಸಬೇಕು. ಶಾಂತಿ ತರಲು ಮೊದಲು ಪ್ರಯತ್ನಪಟ್ಟು, ಆಗದಿದ್ದರೆ, ಎಷ್ಟು ಬೇಕೋ ಅಷ್ಟೇ ಹೊತ್ತಿಗೆ. 1907ರ ಡಿಸೆಂಬರಿನ ಸೂರತ್ ಕಾಂಗ್ರೆಸ್ ನೆನಪಿಸಿಕೊಳ್ಳಿ. ಚಪ್ಪಲಿ ಹಾರಿತು, ಕುರ್ಚಿಗಳು ಹಾರಿದವು, ಅಧ್ಯಕ್ಷ ರಾಸ್‌ಬಿಹಾರಿ ಘೋಷ್ ಅಧಿವೇಶನವನ್ನು ಅನಿರ್ದಿಷ್ಟ ಕಾಲ ಮುಂದೂಡಿದರು. ಆ ಗದ್ದಲದಲ್ಲಿ ಬೇರೆ ದಾರಿ ಇರಲಿಲ್ಲ. ಆದರೆ ಅದಕ್ಕೆ ಮುಂಚೆ ಏನಾಗಿತ್ತು? ಅಧ್ಯಕ್ಷರ ಆಯ್ಕೆಯ ಹೊತ್ತಿಗೆ ಮುಂದೂಡಿಕೆಯ ಸೂಚನೆ ಮಂಡಿಸಲು ಅವಕಾಶ ಕೊಡಿ ಅಂತ ತಿಲಕರು ಚೀಟಿ ಕಳಿಸಿದ್ದರು. ಕೊಡಲಿಲ್ಲ. ಅವರು ವೇದಿಕೆ ಹತ್ತಿ ನಿಂತರು, ಮುಂದಿನದ್ದು ಚರಿತ್ರೆ. ಒಡೆದ ಕಾಂಗ್ರೆಸ್ ಮತ್ತೆ ಕೂಡಿದ್ದು 1916ರಲ್ಲಿ, ಲಖ್ನೋದಲ್ಲಿ. ಕಾಕೂ ಕೈಯಲ್ಲಿ ಚಪ್ಪಲಿ ಇರಲಿಲ್ಲ ಬಿಡಿ, ಇದ್ದದ್ದು ಬ್ಯಾಲೆನ್ಸ್ ಶೀಟು.

ನಮ್ಮ ಕನ್ನಡ ಸಂಘಗಳ ಸಭೆಗಳಲ್ಲೂ ಇದೇ ರೋಗ, ಆದರೆ ಕಾರಣ ಬೇರೆ. ಅಲ್ಲಿ ಅಧ್ಯಕ್ಷರು ಹಿರಿಯರು, ಊರು ಬಿಟ್ಟು ಬಂದ ಎಷ್ಟೋ ಜನಕ್ಕೆ ಅನ್ನ, ನೆಲೆ ತೋರಿಸಿದವರು. ಅವರು ಎದ್ದು ಕೈಮುಗಿದ ಮೇಲೆ ನಾವು ಕೂತಿರೋದು ಹೇಗೆ ಅನ್ನುವ ಸಂಕೋಚ. ಅಲ್ರೀ, ನಮ್ಮ ಪಂಕ್ತಿ ಊಟದ ಪದ್ಧತಿಯಾದರೂ ನೆನಪಿದೆಯೇ? ಮೊದಲ ಎಲೆಯಲ್ಲಿ ಕೂತ ಅಜ್ಜ ತಮ್ಮ ಊಟ ಮುಗಿದರೂ ಎಲೆ ಮುಂದೆ ಕೂತೇ ಇರುತ್ತಿದ್ದರು. ಕೊನೆಯ ಎಲೆಯ ಹುಡುಗನ ಮಜ್ಜಿಗೆ ಅನ್ನ ಮುಗಿದು, "ಎಲ್ಲರದೂ ಆಯಿತೇನ್ರೋ?" ಅಂತ ಕೇಳಿದ ಮೇಲೇ ಏಳುತ್ತಿದ್ದುದು. ಹಿರಿತನ ಅಂದರೆ ಅದು. ತಮ್ಮ ಹೊಟ್ಟೆ ತುಂಬಿತು ಅಂತ ಪಂಕ್ತಿ ಎಬ್ಬಿಸಿದವರನ್ನು ಊರಲ್ಲಿ ಏನಂತಿದ್ದರು ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಬ್ಯಾಂಕಿನವನಾಗಿ ಇನ್ನೊಂದು ಮಾತು. ಶಾಖೆಯಲ್ಲಿ ಸಂಜೆ ಕ್ಯಾಶ್ ಮುಚ್ಚುವುದು ಹೇಗೆ? ಕ್ಯಾಷಿಯರ್ ಎಣಿಸಿ ಪುಸ್ತಕಕ್ಕೆ ಟ್ಯಾಲಿ ಮಾಡುತ್ತಾನೆ, ಅಧಿಕಾರಿ ನೋಡಿ ಸಹಿ ಮಾಡುತ್ತಾನೆ, ಸೇಫಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ ಒಂದೊಂದು. ಟ್ಯಾಲಿ ಆಗದಿದ್ದರೆ ರಾತ್ರಿ ಒಂಬತ್ತಾದರೂ ಮನೆಗೆ ಹೋಗುವ ಹಾಗಿಲ್ಲ. ಹತ್ತು ರೂಪಾಯಿ ವ್ಯತ್ಯಾಸಕ್ಕೆ ಲೋಕಲ್ ತಪ್ಪಿಸಿಕೊಂಡು ಕೂತ ರಾತ್ರಿಗಳು ನನಗೆ ಬೇಕಾದಷ್ಟಿವೆ. ಸಭೆ ಮುಚ್ಚುವುದೂ ಹಾಗೇ ಅಲ್ಲವೇ? ಅಜೆಂಡಾದ ಒಂದೊಂದೇ ವಿಷಯ ಓದಿ, ಇದು ಆಯಿತು, ಇದು ಉಳಿಯಿತು ಅಂತ ಗಟ್ಟಿಯಾಗಿ ಹೇಳಬೇಕು. ಮತ ಹಾಕಿದ್ದರೆ ಲೆಕ್ಕ ಹೇಳಬೇಕು. ಉಳಿದದ್ದಕ್ಕೆ ದಿನ, ಹೊತ್ತು, ಜಾಗ ಅಲ್ಲೇ ಗೊತ್ತುಮಾಡಬೇಕು. ಇನ್ನೇನಾದರೂ ಇದೆಯೇ ಅಂತ ಕೇಳಿ, ಉತ್ತರಕ್ಕೆ ಕಾಯಬೇಕು (ಕೇಳಿ ಅದೇ ಉಸಿರಲ್ಲಿ "ಇಲ್ಲ" ಅನ್ನೋರೇ ಹೆಚ್ಚು). ಮುಗಿಸೋಣವೇ ಅಂತ ಕೈ ಎತ್ತಿಸಬೇಕು. ಮುಗಿದ ಗಂಟೆಯನ್ನು ನಡಾವಳಿಯಲ್ಲಿ ಬರೆಯಬೇಕು. ವಂದನೆ, ರಾಷ್ಟ್ರಗೀತೆ, ಸಮೋಸಾ ಎಲ್ಲ ಅದಾದ ಮೇಲೆ.

2020ರಲ್ಲಿ ಕೊರೊನಾ ಬಂದ ಮೇಲೆ ಇನ್ನೂ ಒಂದು ಹೊಸ ಸೌಲಭ್ಯ ಸಿಕ್ಕಿದೆ. ಜೂಮ್ ಮೀಟಿಂಗಿನಲ್ಲಿ ಒಂದು ಕೆಂಪು ಗುಂಡಿ, "ಎಂಡ್ ಮೀಟಿಂಗ್ ಫಾರ್ ಆಲ್". ಒತ್ತಿದರೆ ಕೋಣೆಯೇ ಮಾಯ. ಸೈಕ್ಸ್ ಕೇಸಿನ ಜನ ಕೂತಲ್ಲೇ ಕೂತು ಬೇರೆಯವರನ್ನು ಆರಿಸಿಕೊಂಡರು, ಇಲ್ಲಿ ಕೂರುವುದಕ್ಕೆ ಜಾಗವೇ ಇಲ್ಲವಲ್ಲ! ಆ ಗುಂಡಿ ಅಧ್ಯಕ್ಷರೊಬ್ಬರ ಕೈಯಲ್ಲಿ ಇರಬಾರದು. ಹೋಸ್ಟ್ ಯಾರಾಗಿರಬೇಕು ಅಂತ ಸಭೆಯ ಶುರುವಿನಲ್ಲೇ ಸದಸ್ಯರನ್ನು ಕೇಳಿ ಗೊತ್ತುಮಾಡಿ.

ಇದೆಲ್ಲ ಸಣ್ಣ ವಿಷಯ ಅನ್ನುವವರಿಗೆ ಒಂದು ಮಾತು. ನಮ್ಮದು ಹಳೆಯ ಕಟ್ಟಡ. ಇವತ್ತಲ್ಲ ನಾಳೆ ರೀಡೆವಲಪ್‌ಮೆಂಟಿಗೆ ಹೋಗುತ್ತದೆ. ಡೆವಲಪರನ್ನು ಆರಿಸುವ ಸಭೆಗೆ ರಿಜಿಸ್ಟ್ರಾರರ ಅಧಿಕಾರಿ ಬಂದು ಕೂರಬೇಕು, ವಿಡಿಯೋ ಆಗಬೇಕು ಅಂತ 2019ರ ಜುಲೈ 4ರ ಸರಕಾರಿ ಆದೇಶ ಇದೆ, ಒಳ್ಳೆಯದೇ. ಆದರೆ ಅಲ್ಲಿಗೆ ತಲುಪುವ ಮುಂಚಿನ ಹತ್ತು ಸಭೆಗಳಿಗೆ ಯಾವ ಕ್ಯಾಮೆರಾ? 7 ಲಕ್ಷದ ಪ್ರಶ್ನೆಗೆ ಎದ್ದು ನಿಂತವರನ್ನು 52 ಸೆಕೆಂಡಿನಲ್ಲಿ ಕೂರಿಸಲು ಕಲಿತವರು, ನಾಳೆ ಮನೆಯ ಪ್ರಶ್ನೆಗೆ ಎದ್ದು ನಿಂತವರನ್ನು ಏನು ಮಾಡುತ್ತಾರೆ?

ಕರಡು ನಡಾವಳಿಗೆ ನಾನೂ ಕಾಕೂನೂ ಸೇರಿ ಲಿಖಿತ ಆಕ್ಷೇಪಣೆ ಕೊಟ್ಟಿದ್ದೇವೆ. ಮೂರೇ ವಿಷಯ. "ಸರ್ವಾನುಮತ" ಎಂಬ ಪದ ತೆಗೆಯಬೇಕು, ಕಾಕೂ ಕೇಳಿದ ಪ್ರಶ್ನೆಯನ್ನೂ ಉತ್ತರ ಸಿಗಲಿಲ್ಲ ಎಂಬುದನ್ನೂ ಬರೆಯಬೇಕು, ಮುಂದಿನ ನೋಟೀಸಿನ ಅಜೆಂಡಾದಲ್ಲಿ "ಸಭೆಯ ಒಪ್ಪಿಗೆ ಪಡೆದು ಮುಕ್ತಾಯ" ಅಂತ ಕೊನೆಯ ಸಾಲು ಸೇರಿಸಬೇಕು. ಮ್ಯಾನೇಜರ್ ಪತ್ರ ತೆಗೆದುಕೊಳ್ಳಲು ಸ್ವಲ್ಪ ಮೀನಮೇಷ ಎಣಿಸಿದ. ನಾವು ಆಫೀಸಿನ ಬಾಗಿಲಲ್ಲೇ ನಿಂತೆವು. ಹತ್ತು ನಿಮಿಷಕ್ಕೆ ನಮ್ಮ ಪ್ರತಿಯ ಮೇಲೆ ಸೀಲು ಬಿತ್ತು, ತಾರೀಖು ಸಮೇತ.